ಒಂದೇ ಪೊಟ್ಟಣದಲ್ಲಿ ಕಟ್ಟಿದ್ದು

ಯಕೃತ್ತಿನಿಂದ ಶುರು ಮಾಡಲೇ, ಕಿರಾಣಿ ಅಂಗಡಿಯಿಂದಲೇ? ಯಕೃತ್ತು ಎಂದ ಕೂಡಲೇ ನೀವು ಪುಟ ಮಗುಚುತ್ತೀರಿ, ನನಗೆ ಗೊತ್ತು. ಅಂಗಡಿಯಿಂದಲೇ ಆಗಲಿ.

೧

ಪುಣೆಯ ಹಡಪಸರದಲ್ಲಿ ನಲವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದ ರಾಮಲಿಂಗಪ್ಪನವರಿಗೆ ಕಾಗದದ ಪೊಟ್ಟಣದ ಮೇಲೆ ಇರುವಷ್ಟು ನಂಬಿಕೆ ಬೇರೆ ಯಾವುದರ ಮೇಲೂ ಇಲ್ಲ. ಹೆಂಡತಿ ಕಾಶವ್ವನಿಗೆ ಕಾಯಿಲೆ ಬಂತು. ಮೈಯನ್ನು ಕಾಯಬೇಕಾದ ರಕ್ಷಣಾ ಕಣಗಳೇ ದಾರಿತಪ್ಪಿ ಯಕೃತ್ತಿನೊಳಗಿನ ಸಣ್ಣ ಪಿತ್ತನಾಳಗಳನ್ನು ಕೆಡಿಸುವ ಕಾಯಿಲೆ. ಡಾಕ್ಟರು ಅದಕ್ಕೊಂದು ಗುಳಿಗೆ, ಅದರಿಂದ ಬರುವ ಮೈತುರಿಕೆಗೊಂದು ಪುಡಿ ಬರೆದುಕೊಟ್ಟರು. ರಾಮಲಿಂಗಪ್ಪನವರು ಡಬ್ಬಿಗಳನ್ನೂ ಒಳಗಿನ ಚೀಟಿಗಳನ್ನೂ ರದ್ದಿಗೆ ಹಾಕಿ, ಒಂದು ದಿನದ್ದೆಲ್ಲ ಒಂದೇ ಪೊಟ್ಟಣದಲ್ಲಿ ಕಟ್ಟಿ, ಮೇಲೆ ಸೋಮವಾರ, ಮಂಗಳವಾರ ಎಂದು ಬರೆದು, ಬೆಳಗಿನ ಚಹಾಕ್ಕೆ ಮುಂಚೆ ಅವಳ ಕೈಗಿಡತೊಡಗಿದರು. (ಹೆಂಡತಿಗೆ ಒಂದು ಮೊಳ ಹೂವನ್ನೂ ತಂದುಕೊಟ್ಟ ಆಸಾಮಿಯಲ್ಲ. ಈ ಪೊಟ್ಟಣವೇ ಪ್ರೀತಿ ಎಂದು ಬರೆದರೆ ತೀರಾ ಬಿಡಿಸಿ ಹೇಳಿದಂತಾಗುತ್ತದೆ. ಆಗಲಿ ಬಿಡಿ, ಪ್ರೀತಿಯೇ.)

೨ (ಹೊಡೆದುಹಾಕಿದ್ದು)

ಇಲ್ಲಿ ಪಿತ್ತಾಮ್ಲಗಳ ಬಗ್ಗೆ ಎರಡು ಪುಟ ಬರೆದಿದ್ದೆ. ಓದಿ ನನಗೇ ಆಕಳಿಕೆ ಬಂತು. ಮಗಳು ರೇಣು ಮಗರಪಟ್ಟಾದ ಆಫೀಸಿನಲ್ಲಿ ವೈದ್ಯಕೀಯ ಸಂಶೋಧನೆಯ ಲೇಖನಗಳನ್ನು ವಿಂಗಡಿಸುವವಳು. ಅವಳೇ ಹೇಳಲಿ.

“ಅಪ್ಪಾ, ಪಿತ್ತರಸ ಬರೇ ತುಪ್ಪ ಕರಗಸ್ಲಿಕ್ಕೆ ಇರೋದಲ್ಲ. ಅದರಾಗಿನ ಆಮ್ಲ ಕರುಳಿಂದ ಯಕೃತ್ತಿಗೆ ದಿನಾ ತಿರುಗಾಡ್ತಾವ. ಸಕ್ಕರಿ ಎಷ್ಟು ಸುಡಬೇಕು, ಕೊಬ್ಬು ಎಷ್ಟು ಇಡಬೇಕು, ರಕ್ಷಣಾ ಕಣ ಯಾವಾಗ ಸುಮ್ಮನಿರಬೇಕು, ಎಲ್ಲಾ ಸುದ್ದಿ ಮುಟ್ಟಸ್ತಾವ.”

“ಪ್ಯಾಟಿ ಸುದ್ದಿ ಅಂಗಡಿ ಅಂಗಡಿಗೆ ಮುಟ್ಟಸೋ ನಮ್ಮ ದಲಾಲ ಏಕನಾಥ ಇದ್ದಂಗ ಬಿಡು,” ಎಂದರು ರಾಮಲಿಂಗಪ್ಪ.

ನನ್ನ ಎರಡು ಪುಟ ದಂಡವಾಯಿತು.

೩

ಆರು ತಿಂಗಳಾದರೂ ಕಾಶವ್ವನ ಲಿವರ್ ರಿಪೋರ್ಟು ಸುಧಾರಿಸಲಿಲ್ಲ. ತುರಿಕೆ ಮಾತ್ರ ತಗ್ಗಿತ್ತು. ಒಂದು ಭಾನುವಾರ ಬೆಳಗ್ಗೆ ತಾಯಿ ಪೊಟ್ಟಣ ಬಿಚ್ಚುವುದನ್ನು ರೇಣು ಮೊದಲ ಸಲ ನೋಡಿದಳು. ಗುಳಿಗೆ, ಪುಡಿ ಎರಡೂ ಒಂದರಲ್ಲೇ ಇದ್ದವು. ಆ ಗುಳಿಗೆಯೂ ಒಂದು ಪಿತ್ತಾಮ್ಲವೇ. ಪುಡಿಯ ಕೆಲಸವೋ, ಕರುಳಿನಲ್ಲಿ ಪಿತ್ತಾಮ್ಲ ಸಿಕ್ಕಿದರೆ ಹಿಡಿದು ಹೊರಗೆ ಸಾಗಿಸುವುದು. ಎರಡನ್ನೂ ಒಟ್ಟಿಗೆ ನುಂಗಿದರೆ ಪುಡಿ ಗುಳಿಗೆಯನ್ನೇ ಎಳೆದುಕೊಂಡು ಹೋಗುತ್ತದೆ. ನಡುವೆ ನಾಲ್ಕು ತಾಸಾದರೂ ಅಂತರ ಬೇಕು.

ಅಪ್ಪನ ಅಷ್ಟೂ ದಿನದ ಅಕ್ಕರೆ ಔಷಧಿಯನ್ನೇ ತಡೆದಿತ್ತು. ಇದನ್ನು ಅವರಿಗೆ ಹೇಗೆ ಹೇಳುವುದು?

೪ (ಮೊದಲ ಮುಕ್ತಾಯ)

“ಅವರಿಗೆ ಹೇಳಬ್ಯಾಡವಾ,” ಎಂದಳು, ಮಗಳಿಂದ ವಿಷಯ ತಿಳಿದ ಕಾಶವ್ವ. “ಡಾಕ್ಟರ್ ಟೈಮ್ ಬದಲಿ ಮಾಡ್ಯಾರಂತ ಹೇಳಿಬಿಡು.”

ನನಗೂ ಇದೇ ಇಷ್ಟವಾಗಿತ್ತು. ಯಾರಿಗೂ ನೋವಿಲ್ಲ, ಕಥೆಯೂ ಬೇಗ ಮುಗಿಯುತ್ತದೆ. ರೇಣು ನನ್ನ ಮೇಲೆಯೇ ತಿರುಗಿಬಿದ್ದಳು. “ನೀವು ಲೇಖಕರು ಭಾಳ ಅಂಜುಬುರುಕರು ನೋಡ್ರಿ. ಯಾಕಂತ ಗೊತ್ತಾಗದಿದ್ರ ನಮ್ಮಪ್ಪ ಮುಂದಿನ ತಿಂಗಳ ಮತ್ತ ಒಂದರಾಗ ಕಟ್ತಾರ. ಅವ್ವನ ಜೀವದ ಪ್ರಶ್ನೆ ಅದ.”

ಅವಳದೇ ಸರಿ. ಹೊಡೆದುಹಾಕಿದೆ.

೫

ಹೇಳಿದಳು, ಅಪ್ಪನ ಮುಖ ನೋಡದೆ.

“ಆರು ತಿಂಗಳು?” ಎಂದರು ರಾಮಲಿಂಗಪ್ಪ. “ನನ್ನ ಕೈಲೇ?”

(ಇಲ್ಲಿ ಅವರು ಅತ್ತರು ಎಂದು ಬರೆದಿದ್ದೆ. “ಅದನ್ನ ತಗೀರಿ,” ಎಂದರು. ತೆಗೆದೆ. ಆದರೆ ಅತ್ತದ್ದು ನಿಜ.)

ಕತ್ತರಿಸಿಟ್ಟ ಕಾಗದಗಳನ್ನು ಅವರು ಮಗಳ ಕಡೆ ಸರಿಸಿದರು. “ಇನ್ನ ಮ್ಯಾಲೆ ನೀನ ಕಟ್ಟವಾ. ನನ್ನಿಂದ ಆಗಂಗಿಲ್ಲ.”

ಕಾಶವ್ವ ಅವನ್ನೆಲ್ಲ ಬಾಚಿ ತಿರುಗಿ ಗಂಡನ ಮುಂದಿಟ್ಟಳು. “ಆ ಉಸುಕಿನಂಥಾ ಪುಡಿ ನಾ ಹೆಂಗ ನುಂಗಿದೆ ಅಂತ ತಿಳದೀರಿ? ನೀವು ಕಟ್ಟಿದ್ದಂತ ನುಂಗಿದೆ. ಬ್ಯಾರೆಯವರು ಕಟ್ಟಿದ್ದು ನನಗ ಗಂಟಲದಾಗ ಇಳಿಯಂಗಿಲ್ಲ. ಎರಡು ಕಟ್ರಿ, ಅಷ್ಟ.”

೬

ರಿಪೋರ್ಟು ಸುಧಾರಿಸಿತೇ ಎಂದು ನೀವು ಕೇಳುತ್ತೀರಿ. ಸುಧಾರಿಸಿದಂತೆ ಒಂದು ಮುಕ್ತಾಯ ಬರೆದೆ, ಸುಧಾರಿಸದಂತೆ ಇನ್ನೊಂದು. ಎರಡನ್ನೂ ಹರಿದೆ. ಕಥೆಗಾರನಿಗೆ ರಕ್ತಪರೀಕ್ಷೆ ಮಾಡಲು ಬರುವುದಿಲ್ಲ.

ರಾಮಲಿಂಗಪ್ಪನವರು ಇನ್ನೂ ಕಾಗದದ ಮುಂದೆ ಕೂತಿದ್ದಾರೆ. “ನಾಲ್ಕು ತಾಸಂದ್ರ ಚಹಾ ಕುಡದ ಮ್ಯಾಲಿಂದೋ, ಗುಳಿಗಿ ನುಂಗಿದ ಮ್ಯಾಲಿಂದೋ?” ಎಂದು ನನ್ನನ್ನು ಕೇಳಿದರು. ಗುಳಿಗೆ ನುಂಗಿದ ಮೇಲಿಂದ ಎಂದೆ. ನಂಬದೆ ರೇಣುವನ್ನು ಕೇಳಿದರು. ಆಮೇಲೆ ಕಾಶವ್ವನನ್ನೂ ಕೇಳಿದರು. ಮೊದಲ ಪೊಟ್ಟಣ ಇನ್ನೂ ಮಡಿಚಿಲ್ಲ. ಅವಳು ಎದುರಿಗೆ ಕೂತು ಕಾಯುತ್ತಿದ್ದಾಳೆ.

ಮುಂದಿನ ಪರೀಕ್ಷೆ ಮೂರು ತಿಂಗಳಿಗೆ. ನೀವು ಬೇಕಾದರೆ ಹೊರಡಿ. ಇವರ ಅಡುಗೆಮನೆ ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ.