ಹಲ್ಲಿಗೆ ಸೀಲು

ನನ್ನ ಮೊಮ್ಮಗಳನ್ನು ಮನೆಮಂದಿಯೆಲ್ಲ ಕರೆಯುವುದು ಗಿಲಕಿ ಎಂದೇ. ನಗು ಹತ್ತಿತೆಂದರೆ ನಿಲ್ಲುವ ಜಾತಿಯಲ್ಲ. ಏಳು ತುಂಬುವ ಹೊತ್ತಿಗೆ ಬಂದ ಅವಳ ಹೊಸ ದವಡೆಹಲ್ಲಿನ ಗೀರಿನಲ್ಲಿ ಆಗಲೇ ಹುಳುಕು ಕಾಣಿಸಿಕೊಂಡಿತ್ತು.

"ಇನ್ನೂ ತೂತು ಬಿದ್ದಿಲ್ಲ ಅಜ್ಜಿ," ಎಂದರು ಹಲ್ಲಿನ ಡಾಕ್ಟರಮ್ಮ. "ಇವತ್ತೇ ಸೀಲ್ ಹಾಕಿಬಿಟ್ರೆ ಅಲ್ಲಿಗೇ ನಿಲ್ಲತ್ತೆ. ತಡ ಮಾಡಿದ್ರೆ ಕೊರೀಬೇಕಾಗತ್ತೆ."

ಕೊರೆಯುವ ಮಾತು ಕೇಳಿದ್ದೇ ಗಿಲಕಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ನಾನೋ, ಮೂವತ್ತು ವರ್ಷ ಕಚೇರಿಯಲ್ಲಿ ಅರ್ಜಿಗಳಿಗೆ ಸೀಲು ಗುದ್ದಿದವಳು. "ಯಾರ ಹೆಸರಿಂದು ತಾಯಿ? ತಾರೀಖೂ ಬರತ್ತಾ?" ಎಂದುಬಿಟ್ಟೆ.

"ಅಯ್ಯೋ, ಆ ಸೀಲಲ್ಲ ಅಜ್ಜಿ! ಅಂಟಿನ ಥರದ್ದು. ಗೀರೊಳಗೆ ಹರಿಸಿ ಮುಚ್ಚಿದ್ರೆ ಹುಳುಕಿಗೆ ಅನ್ನ ನೀರು ಬಂದ್. ಆದ್ರೆ ಎಂಜಲು ತಾಗಿದ್ರೆ ಹಿಡಿಯಲ್ಲ. ಪುಟ್ಟಿ, ನಗೋ ಹಾಗಿಲ್ಲ."

ನಗುವ ಹಾಗಿಲ್ಲ! ಗಿಲಕಿಗೆ ಅಷ್ಟೇ ಸಾಕಾಗಿತ್ತು. ಹಲ್ಲಿಗೆ ಔಷಧಿ ಬಳಿದು, ತೊಳೆದು, ಗಾಳಿ ಊದಿ ಒಣಗಿಸಿದ್ದೇ ತಡ, ಕಿಸಕ್ಕೆಂದಳು. ಎಂಜಲು ಹೀರಲೆಂದು ಕೆನ್ನೆಯೊಳಗೆ ಇಟ್ಟಿದ್ದ ಹತ್ತಿಯೆಲ್ಲ ಒದ್ದೆ. ಮತ್ತೆ ಮೊದಲಿನಿಂದ. ಈ ಸಲ ಬಾಯಿ ಜಾರಿದ್ದು ನನ್ನದು.

"ಅರ್ಜಿ ವಾಪಸ್ಸು ಕಣೇ," ಎಂದೆ. ಅವಳು ನಕ್ಕ ರಭಸಕ್ಕೆ ಹತ್ತಿ ಹಾರಿ ನೆಲಕ್ಕೆ ಬಿತ್ತು.

"ಇನ್ನೊಂದೇ ಸಲ," ಎಂದರು ಡಾಕ್ಟರಮ್ಮ. "ಮಗು ದವಡೆ ಸೋತುಹೋಗತ್ತೆ. ಅಜ್ಜಿ, ಬಾಯಿ ತೆಗೀರಿ."

"ನಂದ್ಯಾಕೆ?"

"ತೆಗೀರಿ ಅಂದ್ರೆ!"

ನನ್ನ ಎರಡು ಕೆನ್ನೆಗೂ ಒಂದೊಂದು ಹತ್ತಿಸುರುಳಿ ತುರುಕಿ, ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿದರು. ಬೆನ್ನು ಅಲುಗಿದರೂ ಗಿಲಕಿಗೆ ಕಾಣುತ್ತದಲ್ಲ! ಹತ್ತಿಯನ್ನು ಕಚ್ಚಿಹಿಡಿದೆ. ಹೊಟ್ಟೆಯೊಳಗೆ ನಗು ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಕುಣಿಯುತ್ತಿತ್ತು. ಹಿಂದಿನಿಂದ ಅಂಟು ಗಟ್ಟಿಮಾಡುವ ದೀಪದ ನೀಲಿ ಬೆಳಕು ಗೋಡೆಗೆ ಬಿತ್ತು. ಡಾಕ್ಟರಮ್ಮ ಎಣಿಸತೊಡಗಿದರು. ಹದಿನೈದಕ್ಕೆ ಅವರ ದನಿಯೇ ನಡುಗಿತು. ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು.

ಸಣ್ಣ ಕೊಕ್ಕೆಯಿಂದ ಸೀಲಿನ ಅಂಚನ್ನು ಕೆರೆದು ನೋಡಿದರು. ಮಿಸುಕಲಿಲ್ಲ.

"ಹಿಡೀತು! ಕೊರೆಯೋ ಕೆಲಸ ಇಲ್ಲ. ಈಗ ಎಷ್ಟು ಬೇಕಾದ್ರೂ ನಗು ಪುಟ್ಟಿ."

ಗಿಲಕಿ ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು.

"ಅಜ್ಜೀ, ಬರ್ತಾನೇ ಇಲ್ಲ!"

ಅವಳ ಕಣ್ಣಲ್ಲಿ ನೀರು. ನಾನು ಗಾಬರಿಯಿಂದ ತಿರುಗಿ, "ಯಾಕೆ ಮಗಾ?" ಎಂದೆ. ತುಂಬಿದ ಕೆನ್ನೆಗಳ ನಡುವಿನಿಂದ ಹೊರಟದ್ದು, "ಹಾಹೆ ಹಹಾ?"

ಬಂತು ನೋಡಿ ನಗು! ಕುರ್ಚಿ ಅಲುಗಿತು, ಡಾಕ್ಟರಮ್ಮನ ಮುಖಗವಸು ಗಲ್ಲಕ್ಕೆ ಇಳಿಯಿತು. ಹೊರಗೆ ಸರದಿಯಲ್ಲಿ ಕೂತಿದ್ದವರೊಬ್ಬರು ಬಾಗಿಲು ಸರಿಸಿ ಇಣುಕಿದರು.

"ಇಲ್ಲಿ ಹಲ್ಲು ನೋಡ್ತಾರಾ, ಇಲ್ಲಾ ಕಚಗುಳಿ ಇಡ್ತಾರಾ?"