ಹನ್ನೊಂದು ದಿನದ ಅಧ್ಯಕ್ಷೆ

ತಪ್ಪು ದರ್ಜಿಯದೇ. ಪಂಚಾಯಿತಿಗೆ ಗೆದ್ದ ಐವರು ಸದಸ್ಯರೂ ತಾವೇ ಅಧ್ಯಕ್ಷರಾಗಬೇಕೆಂದು ಹಟ ಹಿಡಿದಾಗ, ಐದು ವರ್ಷವನ್ನು ಐದು ತುಂಡು ಮಾಡಿ ಆಳಿಗೊಂದು ವರ್ಷ ಹಂಚಿಕೊಳ್ಳೋಣ ಎಂದವಳು ಅವಳು. ಯಾರು ಮೊದಲು ಎಂಬ ಜಗಳ ಎದ್ದಾಗ, "ಹಿರಿಯರೇ ಮೊದಲಾಗ್ಲಿ" ಎಂದು ದೊಡ್ಡತನ ತೋರಿಸಿದವಳೂ ಅವಳೇ. ಎಲ್ಲರಿಗಿಂತ ಕಿರಿಯಳು ತಾನೇ ಎಂಬುದು ಆಗ ಹೊಳೆಯಲಿಲ್ಲ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದಳು.

ಅವಳಿಗೆ ಬೇಕಿದ್ದುದು ಒಂದೇ ಕೆಲಸ. ಅವಳ ಬೀದಿಯ ಬಾಯಲ್ಲಿ ನಾಲ್ಕು ಅಡಿ ಅಗಲದ ಚರಂಡಿ. ಅದರ ಮೇಲಿನ ಹಲಗೆ ಮುರಿದು ಅತ್ತೆ ಬಿದ್ದು ಸೊಂಟ ಮುರಿದುಕೊಂಡಿದ್ದರು. ಮೂಳೆ ಕೂಡಿದ ಮೇಲೂ ಅವರು ಚರಂಡಿ ದಾಟಿರಲಿಲ್ಲ. ಚರಂಡಿಯ ಆಚೆಗೇ ಇದ್ದ ತಮ್ಮ ತಂಗಿಯ ಮನೆಗೂ ಹೋಗಿರಲಿಲ್ಲ. ಅಲ್ಲೊಂದು ಕಾಂಕ್ರೀಟ್ ಚಪ್ಪಡಿ ಹಾಕಿಸುತ್ತೇನೆಂದು ಹೇಳಿಯೇ ಅವಳು ಮತ ಕೇಳಿದ್ದಳು.

ಮೊದಲನೆಯವನು ವರ್ಷದ ಮೇಲೆ ಎರಡು ತಿಂಗಳು ಕೂತ. ಎರಡನೆಯವನು ಮಗಳ ಮದುವೆಯ ಕಾಗದದಲ್ಲಿ ತನ್ನ ಹೆಸರಿನ ಕೆಳಗೆ 'ಅಧ್ಯಕ್ಷರು' ಎಂದಿರಬೇಕೆಂದು ನಾಲ್ಕು ತಿಂಗಳು ಎಳೆದ. ಮೂರನೆಯವನು ಒಂದೇ ತಿಂಗಳು ಎಳೆದು, ಅದನ್ನೇ ತ್ಯಾಗವೆಂದು ಊರೆಲ್ಲ ಸಾರಿಕೊಂಡು ಬಂದ. ನಾಲ್ಕನೆಯವನಂತೂ ರಾಜೀನಾಮೆ ಪತ್ರವನ್ನು ಜೇಬಿನಲ್ಲೇ ಇಟ್ಟುಕೊಂಡು, ಕೇಳಿದಾಗಲೆಲ್ಲ ಅದನ್ನು ಹೊರಗೆಳೆದು ತೋರಿಸಿ ಮತ್ತೆ ಒಳಗೆ ಸೇರಿಸುತ್ತಿದ್ದ. ಅವಳು ಅವನ ಮನೆಗೆ ಅಲೆದು ಅಲೆದು ಚಪ್ಪಲಿ ಸವೆಸಿದಳು. ಹೊಲಿಯುವಾಗಲೂ ಹಲ್ಲು ಕಡಿಯುತ್ತಿದ್ದಳು. ಕೊನೆಗೆ ಅವನು ಎದ್ದಾಗ ಅವಧಿಯಲ್ಲಿ ಉಳಿದದ್ದು ಹನ್ನೊಂದು ದಿನ. ಐದು ಮೀಟರ್ ಬಟ್ಟೆಯಲ್ಲಿ ಅವಳ ಪಾಲಿಗೆ ಬಂದದ್ದು ಕರವಸ್ತ್ರ.

ಕುರ್ಚಿಯಲ್ಲಿ ಕೂತ ಕೂಡಲೇ ಚಪ್ಪಡಿಯ ಕಡತ ತರಿಸಿದಳು. ಗುಮಾಸ್ತರು ಒಳ್ಳೆಯವರು, ಆದರೆ ನಿಯಮ ಬಿಟ್ಟು ಉಸಿರೂ ಆಡದವರು.

"ಆಕ್ಷೇಪಣೆಗೆ ಹದಿನೈದು ದಿನ ಬಿಡ್ಬೇಕು, ಮೇಡಂ."

"ನಾನಿರೋದೇ ಹನ್ನೊಂದು ದಿನ."

"ಅದಕ್ಕೆ ನಿಯಮ ಏನ್ ಮಾಡುತ್ತೆ?"

ಅವಳಿಗೆ ಅಳುವಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಬಣ್ಣದ ಡಬ್ಬಿ ಹಿಡಿದು ಪೇಂಟರ್ ಬಂದ. ಗೋಡೆಗೆ ಒರಗಿಸಿದ್ದ ಅಧ್ಯಕ್ಷರ ಪಟ್ಟಿಯಲ್ಲಿ ಅವಳ ಹೆಸರು ಬರೆಯಬೇಕಿತ್ತು. ಉದ್ದನೆಯ ದಪ್ಪ ತೇಗದ ಹಲಗೆ. ಮೇಲಿಂದ ಕೆಳಕ್ಕೆ ನಾಲ್ಕು ಹೆಸರು, ಪಕ್ಕದಲ್ಲಿ ತಾರೀಕು, ಕೆಳಗೆ ಅವಳಿಗಾಗಿ ಖಾಲಿ ಜಾಗ. ಅವಳು ಅದನ್ನೇ ನೋಡುತ್ತ ಕೂತಳು. ಆಮೇಲೆ ಕೊರಳಲ್ಲಿದ್ದ ಟೇಪು ತೆಗೆದು ಅಳೆದಳು. ಆರೂವರೆ ಅಡಿ.

ಕಚೇರಿಯ ಮರದ ಸಾಮಾನನ್ನು ಎಲ್ಲಿಡಬೇಕೆಂದು ಹೇಳುವ ಅಧಿಕಾರ ಯಾರಿಗೆ ಎಂದು ಗುಮಾಸ್ತರನ್ನು ಕೇಳಿದಳು. ಅಧ್ಯಕ್ಷರಿಗೇ, ಅದಕ್ಕೆ ಆಕ್ಷೇಪಣೆಯ ಅವಧಿಯೂ ಇಲ್ಲ ಎಂದರು ಅವರು. ಮರುಕ್ಷಣ ಹೇಳಿದ್ದಕ್ಕೆ ನಾಲಿಗೆ ಕಚ್ಚಿಕೊಂಡರು.

ಸಂಜೆಯೊಳಗೆ ಹಲಗೆ ಚರಂಡಿಯ ಮೇಲೆ ಕೂತಿತು. ಎರಡೂ ತುದಿಗೆ ಕಲ್ಲು ಬಿಗಿದು, ತಾನೇ ಅದರ ಮೇಲೆ ನಾಲ್ಕು ಸಲ ಕುಣಿದು ನೋಡಿದಳು. ತನ್ನ ಹೆಸರು ಬರೆಸಲಿಲ್ಲ.

ಅತ್ತೆ ಕೋಲೂರಿಕೊಂಡು ಬಂದು ಅಂಚಿನಲ್ಲಿ ನಿಂತರು. ಆಚೆ ಬಾಗಿಲಲ್ಲಿ ತಂಗಿ ಕಾಯುತ್ತಿದ್ದಳು. ಅತ್ತೆ ಬಗ್ಗಿ ಹಲಗೆಯ ಮೇಲಿನ ಹೆಸರುಗಳನ್ನು ಓದಿದರು.

"ಯಾರ ಮೇಲಮ್ಮಾ ಮೊದಲು ಕಾಲಿಡ್ಲಿ?"

ಸೊಸೆ ಅವರ ಕೈ ಹಿಡಿದುಕೊಂಡಳು.

"ಬರೆದ ಸಾಲಿನಲ್ಲೇ ಬನ್ನಿ ಅತ್ತೆ. ಹಿರಿಯರೇ ಮೊದಲಾಗ್ಲಿ."