ಚೀಟಿ ಕಿತ್ತ ಬಾಟಲಿಗಳು

ಸಿಂಕಿನ ಬಿಸಿನೀರಿನಲ್ಲಿ ಸೊಸೆ ಬರೆದ ಚೀಟಿಗಳು ತೇಲುತ್ತಿದ್ದವು. ‘ಸಕ್ಕರೆ’ ಎಂದು ದುಂಡಗೆ ಬರೆದದ್ದು ಆಗಲೇ ಕರಗಿ ನೀಲಿ ನೀರಾಗಿತ್ತು. ಅತ್ತೆ ಉಗುರಿನಿಂದ ಬಾಟಲಿಯ ಮೈಮೇಲಿನ ಅಂಟು ಕೆರೆಯುತ್ತಿದ್ದರು.

“ಅದನ್ಯಾಕೆ ಕಿತ್ರಿ ಅತ್ತೆ?”

“ಚೀಟಿ ಇದ್ರೆ ಅಂಗಡಿ ಥರ ಕಾಣ್ಸುತ್ತಮ್ಮ. ಚೆಂದ ಮಾಡ್ಕೊಡ್ತೀನಿ, ನೋಡ್ತಿರು.”

ಸೊಸೆಗೆ ಮೈ ಉರಿಯಿತು. ಆರು ವರ್ಷ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿದವಳು ಅವಳು. ಅಲ್ಲಿ ಚೀಟಿಯಿಲ್ಲದ ಬಾಟಲಿ ನೇರವಾಗಿ ಕಸದ ಬುಟ್ಟಿಗೆ. ಪುಟ್ಟಿ ಹುಟ್ಟಿದ ಮೇಲೆ ಎರಡು ವರ್ಷ ಮನೆಯಲ್ಲೇ ಉಳಿದಿದ್ದಳು. ಈಗ ಎರಡು ವಾರ ಕಳೆದು ಬರುವ ಸೋಮವಾರದಿಂದ ಮತ್ತೆ ಕೆಲಸಕ್ಕೆ ಹೋಗಬೇಕು. ಅದಕ್ಕಿಂತ ಒಂದು ದಿನವೂ ಹೆಚ್ಚು ಜಾಗ ಹಿಡಿದಿಡುವುದಿಲ್ಲ ಎಂದು ಮಾಲೀಕರು ಖಡಾಖಂಡಿತವಾಗಿ ಹೇಳಿದ್ದರು. ಮಗುವನ್ನು ಅತ್ತೆ ನೋಡಿಕೊಳ್ಳುವುದೆಂದು ಮಾತಾಗಿತ್ತು. ಸರಿಯಾಗಿ ಇದೇ ಹೊತ್ತಿಗೆ ಅತ್ತೆ ಅಡುಗೆಮನೆಗೆ ಕೈ ಹಾಕಿದ್ದರು. ತಾನು ಹೊರಗೆ ಕಾಲಿಡುವ ಮೊದಲೇ ತನ್ನ ಗುರುತು ಒರೆಸಿ ಹಾಕುವ ಹುನ್ನಾರವಲ್ಲದೆ ಇನ್ನೇನು?

ಮೊದಲು ಸಿಂಗರಿಸಿದ ಬಾಟಲಿಗಳು ನಡುಮನೆಯಲ್ಲಷ್ಟೇ ಇದ್ದವು. ಮೂವತ್ತು ವರ್ಷ ಟೈಲರ್ ಅಂಗಡಿಯಲ್ಲಿ ಗುಂಡಿ ಹಾಕಿ, ಅಂಚು ಮಡಚಿ ಹೊಲಿದ ಕೈ ಅತ್ತೆಯದು. ಜಾಮ್ ಬಾಟಲಿ, ಕಾಫಿ ಬಾಟಲಿ ಏನು ಸಿಕ್ಕರೂ ಕುತ್ತಿಗೆಗೆ ಹುರಿ ಸುತ್ತಿ, ಲೇಸು ಅಂಟಿಸಿ, ಒಂದರಲ್ಲಿ ಒಣಗಿದ ಹೂವು, ಇನ್ನೊಂದರಲ್ಲಿ ಸಣ್ಣ ದೀಪದ ಸರ ಇಡುತ್ತಿದ್ದರು. ಬಚ್ಚಲಿಗೆ ಇಳಿಯುವ ಮೆಟ್ಟಿಲ ಪಕ್ಕ ದೊಡ್ಡದೊಂದರಲ್ಲಿ ಬಳ್ಳಿ ಬೆಳೆಸಿದ್ದರು. ಬಂದವರೆಲ್ಲ ಹೊಗಳುವವರೇ. ಎದುರುಮನೆಯಾಕೆಯಂತೂ ತನಗೂ ಎರಡು ಮಾಡಿಕೊಡಿ ಎಂದು ಬೆಣ್ಣೆ ಹಚ್ಚಿ ಹೋಗಿದ್ದಳು. ಅಲ್ಲಿಯವರೆಗೆ ಸೊಸೆಗೂ ಬೇಸರವಿರಲಿಲ್ಲ.

ವಾರದೊಳಗೆ ಅಡುಗೆಮನೆಯ ಹಲಗೆಯ ಮೇಲೂ ಹನ್ನೆರಡು ಬಾಟಲಿಗಳು ಸಿಂಗಾರಗೊಂಡು ನಿಂತವು. ಸಕ್ಕರೆಗೆ ಒರಟು ಹುರಿ, ಸಾಸಿವೆಯ ಮುಚ್ಚಳಕ್ಕೆ ಎರಡು ಗುಂಡಿ, ಉಪ್ಪಿಗೆ ಉಣ್ಣೆಯ ಜಡೆ. ಒಂದರ ಮೇಲೂ ಒಂದಕ್ಷರವಿಲ್ಲ. ಗಾಜಿನೊಳಗಿದ್ದದ್ದು ಕಣ್ಣಿಗೆ ಕಾಣುತ್ತಿತ್ತು, ನಿಜ. ಆದರೆ ಸೋಡಾ ಯಾವುದು, ಪುಡಿ ಉಪ್ಪು ಯಾವುದು ಎಂದು ಅವಳು ತನ್ನದೇ ಅಡುಗೆಮನೆಯಲ್ಲಿ ಅತ್ತೆಯನ್ನು ಕೇಳಬೇಕಾಯಿತು. ಗಂಡನಿಗೆ ಹೇಳಿದರೆ, ಅಮ್ಮನ ಕೈಚಳಕ ಅಂದರೆ ಸುಮ್ಮನೆಯೇ ಎಂದು ನಕ್ಕ.

ಅಂದಿನಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಅನುಮಾನಕ್ಕೆ ಮೇವು ಬೇಕಾದಷ್ಟು ಸಿಕ್ಕಿತು. ಅಡುಗೆಮನೆಗೆ ಬಂದಾಗಲೆಲ್ಲ ಅತ್ತೆ ಬಾಟಲಿಗಳ ತಲೆಯನ್ನು ಒಂದೊಂದಾಗಿ ಸವರುತ್ತಿದ್ದರು. ಯಾವುದು ಎಷ್ಟು ಖಾಲಿಯಾಗಿದೆ ಎಂದು ಅಳೆಯುವುದಕ್ಕೇ ಇರಬೇಕು. ದಿನಕ್ಕೆ ನಾಲ್ಕು ಸಲ ಸೂಜಿಗೆ ದಾರ ಪೋಣಿಸಿಕೊಡು ಎನ್ನುತ್ತಿದ್ದರು. ಅದು ತನ್ನನ್ನು ಕುಣಿಸುವುದಕ್ಕೇ ಇರಬೇಕು.

ಶನಿವಾರ ಮಧ್ಯಾಹ್ನ ಅತ್ತೆ ಪುಟ್ಟಿಗೆ ಸ್ನಾನ ಮಾಡಿಸುತ್ತಿದ್ದಾಗ ಅವಳು ಸಕ್ಕರೆಯನ್ನು ಸಾಸಿವೆಯ ಬಾಟಲಿಗೂ ಸಾಸಿವೆಯನ್ನು ಸಕ್ಕರೆಯ ಬಾಟಲಿಗೂ ಸುರಿದಿಟ್ಟಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಸಕ್ಕರೆ ಎಲ್ಲಿಟ್ಟಿದ್ದೀಯಮ್ಮ ಎಂದು ಅತ್ತೆ ಒಂದೇ ಒಂದು ಸಲ ತನ್ನನ್ನು ಕೇಳಬೇಕು.

ಅತ್ತೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದರು. ಕಿಟಕಿಯಿಂದ ಬಿಸಿಲು ಹಲಗೆಯ ಮೇಲೆಯೇ ಬಿದ್ದಿತ್ತು. ಅತ್ತೆಯ ಬೆರಳು ಒರಟು ಹುರಿಯನ್ನು ಮುಟ್ಟಿ ನಿಂತಿತು. ಮುಚ್ಚಳ ತೆಗೆದು, ಎರಡು ಚಮಚ ಲೋಟದ ಹಾಲಿಗೆ ಹಾಕಿ ಕಲಕತೊಡಗಿದರು. ಬಿಳಿ ಹಾಲಿನಲ್ಲಿ ಕಪ್ಪು ಕಾಳುಗಳು ಗಿರಗಿರನೆ ಸುತ್ತಿದವು.

ತನಗೇ ಪಾಠ ಕಲಿಸಲು ಬೇಕೆಂದೇ ನಾಟಕವಾಡುತ್ತಿದ್ದಾರೆ, ಎಂಥ ಗಟ್ಟಿಗಿತ್ತಿ ಎಂದುಕೊಂಡಳು ಸೊಸೆ.

“ಸಕ್ಕರೆ ಕರಗ್ತಾನೇ ಇಲ್ಲ. ಹಾಲು ಆರೋಗಿದ್ಯೇನೋ,” ಎಂದು ಅತ್ತೆ ಲೋಟದೊಳಗೇ ನೋಡುತ್ತ ಹೇಳಿ, ಅದನ್ನು ಮಗುವಿನ ಬಾಯಿಗೆ ಹಿಡಿದರು.

ಸೊಸೆ ಲೋಟ ಕಿತ್ತುಕೊಂಡಳು. ಹಾಲು ಅರ್ಧ ನೆಲದ ಪಾಲಾಯಿತು.

“ಯಾಕೆ, ಬಿಸಿ ಇದ್ಯಾ?”

ಅವಳು ಕಾಳುಗಳಿದ್ದ ಲೋಟವನ್ನು ಅತ್ತೆಯ ಕಣ್ಣೆದುರು ಹಿಡಿದಳು. “ಎಷ್ಟು ದಿನದಿಂದ ಅತ್ತೆ?”

ಏನು ಎಷ್ಟು ದಿನದಿಂದ ಎಂದು ಅತ್ತೆ ಕೇಳಲಿಲ್ಲ. ಗೋಡೆ ಹಿಡಿದು ಚಾಪೆಯ ಮೇಲೆ ಕೂತು, ಮಗುವನ್ನು ಮಡಿಲಿಗೆ ಎಳೆದುಕೊಂಡರು. “ಒಂದು ವರ್ಷ ಆಗಿರ್ಬೇಕು. ಮೊದ್ಲು ಸೂಜಿ ಕಾಣೋದು ನಿಂತೋಯ್ತು. ಆಮೇಲೆ ಅಕ್ಷರ. ಈಗ ಎಲ್ಲಾ ಮಂಜು ಮಂಜು.”

“ಅದಕ್ಕೆ ಚೀಟಿ ಕಿತ್ರಾ?”

“ಚೀಟಿ ಇದ್ರೆ ಓದಿ ತಗೊಳ್ಳಿ ಅಂತೀಯ. ಇಲ್ದಿದ್ರೆ ಯಾರೂ ಹಾಗನ್ನಲ್ಲ. ಹುರಿ, ಗುಂಡಿ ಆದ್ರೆ ಬೆರಳಿಗೇ ಗೊತ್ತಾಗುತ್ತೆ.” ಮಗುವನ್ನು ಇನ್ನಷ್ಟು ಒತ್ತಿ ಹಿಡಿದು ಹೇಳಿದರು: “ಅವನಿಗೆ ಹೇಳ್ಬೇಡಮ್ಮ. ಹೇಳಿದ್ರೆ ಪುಟ್ಟೀನ ನನ್ನ ಕೈಗೆ ಕೊಡಲ್ಲ.”

ಸೊಸೆಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟೂ ಬಂತು. ಇನ್ನೆರಡು ದಿನದಲ್ಲಿ ಗ್ಯಾಸ್ ಒಲೆ, ಮೆಟ್ಟಿಲು, ಬಚ್ಚಲ ಬಿಸಿನೀರಿನ ನಡುವೆ ಮಗುವನ್ನು ಈ ಕಣ್ಣುಗಳಿಗೆ ಒಪ್ಪಿಸಿ ಹೋಗುವವಳಿದ್ದಳು. ಇವರು ಬಾಯಿ ಬಿಡದೆ ಕೂತಿರುತ್ತಿದ್ದರು. ತಾನಾದರೂ ಇಷ್ಟು ದಿನ ಇವರ ಬೆರಳನ್ನೇ ಕಾದಳೇ ಹೊರತು ಒಮ್ಮೆಯೂ ಮುಖ ನೋಡಿರಲಿಲ್ಲ.

ಅವಳು ಫೋನು ತೆಗೆದುಕೊಂಡಳು. ಗಂಡನಿಗಲ್ಲ, ಮಾಲೀಕರಿಗೆ ಮಾಡಿದಳು. “ಸೋಮವಾರ ಬರೋಕಾಗಲ್ಲ ಸರ್. ನಮ್ಮತ್ತೇನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು.” ಆ ಕಡೆಯವರು ಬೇಸರದಿಂದಲೇ, ಹಾಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನಮ್ಮ ಎಂದರು. ಅವಳು ಆಯ್ತು ಸರ್ ಎಂದಳು. ಫೋನನ್ನು ಹಲಗೆಯ ಮೇಲಿಟ್ಟಳು.

ಕಣ್ಣಿನ ಡಾಕ್ಟರ ಮಾತು ಕೇಳಿದ್ದೇ ಅತ್ತೆ ಮಗುವನ್ನು ಮಡಿಲಿನಿಂದ ಇಳಿಸಿ, ಚಾಪೆಯ ಆ ತುದಿಗೆ ಸರಿಸಿ, ಎರಡೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. ಪುಟ್ಟಿ ಅಜ್ಜಿಯ ಕಡೆ ನೋಡಿ ತುಟಿ ಉಬ್ಬಿಸಿದಳು.

ಸೊಸೆ ಬಗ್ಗಿ ಮಗುವನ್ನು ಎತ್ತಿ ಮತ್ತೆ ಅದೇ ಮಡಿಲಲ್ಲಿ ಕೂರಿಸಿದಳು. ಅತ್ತೆಯ ಕೈಗಳು ಕೂಡಲೇ ಹೊರಬರಲಿಲ್ಲ. ಆಮೇಲೆ ಬಂದವು, ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ಒದ್ದೆ ಕೂದಲು ಹುಡುಕಿಕೊಂಡು ಹೋಗಿ, ಬೆನ್ನಿನ ಮೇಲೆ ನಿಂತವು.